ಆಟದ ಲೋಕದಲ್ಲಿ ಭಾರ: ‘ಹಾಫ್ ಲೈಫ್ ೨’ರ ಗುಣದೋಷಗಳು

೨೦೨೪ರ ಡಿಸೆಂಬರ್ ತಿಂಗಳಲ್ಲಿ ನಮ್ಮ ಪ್ರಯೋಗಶಾಲೆಯಲ್ಲಿ ಸರಳ ಲೋಲಕದ ಪ್ರಯೋಗ ನಡೆದಿತ್ತು. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಈ ಪ್ರಯೋಗವನ್ನು ಮಾಡದೆ ವಿಜ್ಞಾನದ ಯಾವ ವಿದ್ಯಾರ್ಥಿಯೂ ಕಾಲೇಜಿನ ಮೆಟ್ಟಿಲಿಳಿಯುವಂತಿಲ್ಲ. ಬಿಣಗಾದಿಂದ ಬರುವ ವಿದ್ಯಾರ್ಥಿಯೊಬ್ಬನು ತನ್ನ ದಾಖಲೆಪುಸ್ತಕದಲ್ಲಿ ೯.೭ ಎಂಬ ಉತ್ತರವನ್ನು ಶಾಯಿಯಲ್ಲಿ ಬರೆದು, ಅದರ ಕೆಳಗೆ ಪೆನ್ಸಿಲಿನಿಂದ ೧೪.೬ ಎಂಬ ಮತ್ತೊಂದು ಸಂಖ್ಯೆಯನ್ನು ಬರೆದಿದ್ದನು. ಇದೇನೆಂದು ಕೇಳಿದೆವು.

“ಸರ್, ಇದು ಆಟದೊಳಗೆ ಬಂದ ಉತ್ತರ. ಅಲ್ಲಿ ಪೆಟ್ಟಿಗೆ ಬೀಳುವುದನ್ನು ಅಳೆದೆ. ಎರಡರಲ್ಲಿ ಯಾವುದು ತಪ್ಪು?” ಎಂದನು.

ಆ ಕ್ಷಣಕ್ಕೆ ಏನೋ ಹೇಳಿ ಕಳುಹಿಸಿದೆವು. ಆ ಆಟವನ್ನು ನಾವು ಕಂಡವರಲ್ಲ. ಕಾಣದ ಸಂಗತಿಯ ಮೇಲೆ ತೀರ್ಪು ಕೊಡುವುದು ಅಧ್ಯಾಪಕನಿಗೆ ಹೇಳಿಸಿದ್ದಲ್ಲವಾದುದರಿಂದ ಕ್ರಿಸ್ಮಸ್ ರಜೆಯಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಆಡಿ ನೋಡಿದೆವು. ಹುಡುಗನ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವೇ ಈ ಲೇಖನ.

ಆಟದ ಹೆಸರು ‘ಹಾಫ್ ಲೈಫ್ ೨’. ಅಮೆರಿಕದ ವಾಲ್ವ್ ಎಂಬ ಸಂಸ್ಥೆಯು ಇದನ್ನು ೨೦೦೪ರ ನವೆಂಬರ್ ೧೬ರಂದು ಹೊರತಂದಿತು. ೧೯೯೮ರಲ್ಲಿ ಬಂದ ‘ಹಾಫ್ ಲೈಫ್’ ಎಂಬುದರ ಉತ್ತರಭಾಗವಿದು. ಇಪ್ಪತ್ತು ವರ್ಷ ತುಂಬಿದ ನೆನಪಿಗೆ ೨೦೨೪ರ ನವೆಂಬರಿನಲ್ಲಿ ಸಂಸ್ಥೆಯವರು ಕೆಲವು ದಿನಗಳ ಮಟ್ಟಿಗೆ ಇದನ್ನು ಬೆಲೆಯಿಲ್ಲದೆ ಕೊಟ್ಟರು; ನಮ್ಮ ವಿದ್ಯಾರ್ಥಿಯ ಕೈಸೇರಿದ್ದು ಹಾಗೆ. ಕಥಾನಾಯಕನ ಕಣ್ಣೇ ನಮ್ಮ ಕಣ್ಣಾಗಿ, ಅವನ ಕೈಯಲ್ಲಿರುವ ಬಂದೂಕಿನ ತುದಿ ಮಾತ್ರ ಪರದೆಯ ಮೂಲೆಯಲ್ಲಿ ಕಾಣುತ್ತ, ಗುಂಡಿನ ಕಾಳಗದಲ್ಲಿ ಮುಂದುವರಿಯುವ ಜಾತಿಯ ಆಟವಿದು. ಅಮೆರಿಕದಲ್ಲಿ ಇದನ್ನು ಹದಿನೇಳು ವರ್ಷ ತುಂಬಿದವರಿಗೆ ಎಂದು ವರ್ಗೀಕರಿಸಿರುವರು. ಪ್ರೌಢಶಾಲೆಯ ಕಿರಿಯ ವಾಚಕರು ಇದನ್ನು ಗಮನದಲ್ಲಿಡಬೇಕು.

ಹೆಸರಿನ ಅರ್ಥವನ್ನು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹೇಳಬೇಕಾದುದಿಲ್ಲ. ವಿಕಿರಣಶೀಲ ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲವೇ ಅರ್ಧಾಯು. ಆಟದ ಲಾಂಛನವಾದ ‘ಲ್ಯಾಮ್ಡ’ ಎಂಬ ಗ್ರೀಕ್ ಅಕ್ಷರವು ಕ್ಷಯಸ್ಥಿರಾಂಕದ ಸಂಕೇತ, ೦.೬೯೩ನ್ನು ಅದರಿಂದ ಭಾಗಿಸಿದರೆ ಅರ್ಧಾಯು ದೊರೆಯುವುದು. ನಾಯಕನಾದ ಗಾರ್ಡನ್ ಫ್ರೀಮನ್ನನು ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಿಂದ ಡಾಕ್ಟರೇಟ್ ಪಡೆದ ಸೈದ್ಧಾಂತಿಕ ಭೌತವಿಜ್ಞಾನಿ. ಮೊದಲ ಭಾಗದಲ್ಲಿ ಅವನ ಪ್ರಯೋಗಶಾಲೆಯ ಪ್ರಯೋಗವೊಂದು ಕೈಮೀರಿ ಬೇರೊಂದು ಲೋಕದ ಬಾಗಿಲು ತೆರೆಯಿತು. ಎರಡನೆಯ ಭಾಗದ ವೇಳೆಗೆ ಭೂಮಿಯು ಪರಲೋಕದ ಆಕ್ರಮಣಕಾರರ ವಶವಾಗಿದೆ. ಪೂರ್ವ ಯೂರೋಪಿನ ಛಾಯೆಯುಳ್ಳ ‘ಸಿಟಿ ೧೭’ ಎಂಬ ನಗರಕ್ಕೆ ಅವನು ರೈಲಿನಲ್ಲಿ ಬಂದಿಳಿಯುವಲ್ಲಿಗೆ ಕಥೆ ಪ್ರಾರಂಭವಾಗುವುದು. ನಮ್ಮ ವೃತ್ತಿಯವನೊಬ್ಬನು ನಾಯಕನಾದ ಕಥೆಗಳು ಜಗತ್ತಿನಲ್ಲಿ ಬಹಳವಿಲ್ಲವೆಂದು ನಮಗೆ ಮೊದಲು ಹಿಗ್ಗಾದುದು ನಿಜ. ಆದರೆ ಈ ಪಂಡಿತನು ಇಡೀ ಆಟದಲ್ಲಿ ಒಂದು ಸಮೀಕರಣವನ್ನೂ ಬರೆಯುವುದಿಲ್ಲ. ಪ್ರಯೋಗಶಾಲೆಯಲ್ಲಿ ಅವನಿಗೆ ಒಪ್ಪಿಸುವ ಕೆಲಸವೆಂದರೆ ಕಳಚಿಬಿದ್ದ ವಿದ್ಯುತ್ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸುವುದು!

ಇನ್ನು ಆಟದ ದೊಡ್ಡ ಗುಣಕ್ಕೆ ಬರೋಣ. ಅದುವರೆಗಿನ ಇಂಥ ಆಟಗಳಲ್ಲಿ ಮೇಜು, ಪೀಪಾಯಿ, ಪೆಟ್ಟಿಗೆ ಮೊದಲಾದುವು ಬಹುಮಟ್ಟಿಗೆ ನಾಟಕದ ಪರದೆಯ ಮೇಲಿನ ಚಿತ್ರಗಳಂತಿದ್ದುವು. ಒದ್ದರೆ ಅಲುಗವು, ನೀರಿಗೆ ಹಾಕಿದರೆ ತೇಲವು. ‘ಹಾಫ್ ಲೈಫ್ ೨’ರಲ್ಲಿ ಅವಕ್ಕೆ ಭಾರ ಬಂದಿತು. ಭಾರ ಬಂದಿತೆಂದರೆ, ಯಾವ ವಸ್ತು ಯಾವಾಗ ಎಲ್ಲಿ ಬೀಳಬೇಕೆಂದು ಚಿತ್ರಕಾರನು ಮೊದಲೇ ಗೊತ್ತುಮಾಡದೆ, ನ್ಯೂಟನ್ನನ ನಿಯಮಗಳಂತೆ ಲೆಕ್ಕಹಾಕಿ ತೀರ್ಮಾನಿಸುವ ಹೊಣೆಯನ್ನು ಗಣಕಯಂತ್ರಕ್ಕೇ ಬಿಟ್ಟರು. ಇದಕ್ಕೆ ಬೇಕಾದ ಲೆಕ್ಕದ ವ್ಯವಸ್ಥೆಯನ್ನು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ೧೯೯೮ರಲ್ಲಿ ಹುಟ್ಟಿದ ಹ್ಯಾವೊಕ್ ಎಂಬ ಸಂಸ್ಥೆಯಿಂದ ಪಡೆದು ವಾಲ್ವಿನವರು ತಮಗೆ ಬೇಕಾದಂತೆ ತಿದ್ದಿಕೊಂಡರು.

ಲೆಕ್ಕವು ನಡೆಯುವ ಬಗೆ ಹೀಗೆ. ಯಂತ್ರವು ಕಾಲವನ್ನು ಸಣ್ಣ ತುಣುಕುಗಳಾಗಿ ಕತ್ತರಿಸುವುದು. ಈ ಆಟದಲ್ಲಿ ಒಂದೊಂದು ತುಣುಕು ೦.೦೧೫ ಸೆಕೆಂಡಿನದು, ಎಂದರೆ ಸೆಕೆಂಡಿಗೆ ಸುಮಾರು ೬೬ ತುಣುಕುಗಳು. ಪ್ರತಿ ತುಣುಕಿನಲ್ಲಿಯೂ ವಸ್ತುವಿನ ಮೇಲಿರುವ ಬಲವನ್ನು ಅದರ ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ, ಅದನ್ನು ೦.೦೧೫ರಿಂದ ಗುಣಿಸಿದರೆ ವೇಗದಲ್ಲಾದ ಬದಲಾವಣೆ. ಹೊಸ ವೇಗವನ್ನು ಮತ್ತೆ ೦.೦೧೫ರಿಂದ ಗುಣಿಸಿದರೆ ವಸ್ತು ಸರಿದ ದೂರ. ಬಳಿಕ ಎರಡು ವಸ್ತುಗಳು ಒಂದರೊಳಗೊಂದು ತೂರಿವೆಯೇ ಎಂದು ಪರೀಕ್ಷಿಸಿ, ತೂರಿದ್ದರೆ ಅವುಗಳನ್ನು ದೂಡಿ ಬೇರ್ಪಡಿಸಬೇಕು. ಇಷ್ಟೇ. ತಾಳ್ಮೆಯುಳ್ಳ ವಿದ್ಯಾರ್ಥಿ ಕಾಗದದ ಮೇಲೆ ಮಾಡಬಹುದಾದ ಗುಣಾಕಾರವನ್ನು ಯಂತ್ರವು ಬೇಸರವಿಲ್ಲದೆ ಮಾಡುವುದು.

ಈ ಸೌಕರ್ಯವನ್ನು ಆಟದ ಕರ್ತೃಗಳು ಬರಿಯ ಅಲಂಕಾರಕ್ಕೆ ಬಳಸಲಿಲ್ಲ. ಕಾಲುವೆಯ ದಾರಿಯಲ್ಲಿ ಒಂದೆಡೆ ನಡುವೆ ಆಧಾರವಿರುವ ಹಲಗೆಯೊಂದಿದೆ. ಮಕ್ಕಳು ಏರಿಳಿದಾಡುವ ಹಲಗೆಯಂತೆ ಅದರ ಒಂದು ತುದಿಗೆ ಹತ್ತಿದರೆ ಅದು ಕುಸಿಯುವುದು, ಎದುರಿನ ಕಟ್ಟೆ ಎಟುಕದು. ಸುತ್ತ ಸಿಮೆಂಟಿನ ಇಟ್ಟಿಗೆಗಳು ಬಿದ್ದಿವೆ. ಅವನ್ನು ಆಚೆಯ ತುದಿಯಲ್ಲಿ ಪೇರಿಸಿದರೆ ಈಚೆಯ ತುದಿ ಮೇಲೆದ್ದು ನಿಲ್ಲುವುದು. ಅದರ ಮೇಲೆ ನಡೆದು ದಾಟಬಹುದು. ೮೦ ಕಿಲೋಗ್ರಾಮ್ ತೂಗುವವನು ಆಧಾರದಿಂದ ಒಂದೂವರೆ ಮೀಟರ್ ದೂರದಲ್ಲಿ ನಿಲ್ಲುವನೆಂದೂ ೧೫ ಕಿಲೋಗ್ರಾಮಿನ ಇಟ್ಟಿಗೆಗಳನ್ನು ಎರಡು ಮೀಟರ್ ದೂರದಲ್ಲಿ ಇಡುವೆವೆಂದೂ ಭಾವಿಸೋಣ. ಅವನ ಭಾರ ಮತ್ತು ದೂರಗಳ ಗುಣಲಬ್ಧ ೧೨೦; ಒಂದೊಂದು ಇಟ್ಟಿಗೆಯದು ೩೦. ನಾಲ್ಕು ಇಟ್ಟಿಗೆಗಳಿಗೆ ಹಲಗೆ ಸಮತೂಗುವುದು, ಐದನೆಯದಕ್ಕೆ ಅವನು ಮೇಲೇಳುವನು. ತರಗತಿಯಲ್ಲಿ ನಾವು ಸನ್ನೆಯ ನಿಯಮವನ್ನು ಬರೆಯಿಸುವಾಗ ಆಕಳಿಸುವ ಹುಡುಗರು ಇಲ್ಲಿ ಯಾರೂ ಹೇಳದೆ ನಾಲ್ಕಕ್ಕೆ ಒಂದನ್ನು ಕೂಡಿಸುವರು. ಮತ್ತೊಂದೆಡೆ, ನೀರಿನಲ್ಲಿ ತಗ್ಗಿ ನಿಂತ ಇಳಿಜಾರು ಹಲಗೆಯ ಅಡಿಗೆ ಬರಿದಾದ ಪೀಪಾಯಿಗಳನ್ನು ತುರುಕಬೇಕು. ೨೦೦ ಲೀಟರಿನ ಪೀಪಾಯಿಯೊಂದು ಪೂರ್ತಿ ಮುಳುಗಿದಾಗ ೨೦೦ ಕಿಲೋಗ್ರಾಮ್ ನೀರನ್ನು ಸರಿಸುವುದರಿಂದ, ಅದರ ಸ್ವಂತ ತೂಕ ೨೦ ಎಂದಿಟ್ಟುಕೊಂಡರೆ, ಉಳಿದ ೧೮೦ ಕಿಲೋಗ್ರಾಮಿನಷ್ಟನ್ನು ಮೇಲೆತ್ತಬಲ್ಲುದು. ಹಲಗೆ ತೇಲಿ ಮೇಲೇಳುವುದು, ದೋಣಿ ಅದರ ಮೇಲಿಂದ ಹಾರುವುದು. ಆರ್ಕಿಮಿಡೀಸನಿಗೆ ಇದಕ್ಕಿಂತ ಒಳ್ಳೆಯ ಪ್ರಚಾರ ಬೇರೆ ಬೇಕಿಲ್ಲ.

ಈಗ ೧೪.೬ರ ವಿಚಾರ. ಹುಡುಗನು ಆಟದೊಳಗಿನ ಗೋಡೆಯೊಂದನ್ನು ಅಲ್ಲಿಯ ಮನುಷ್ಯನ ಎತ್ತರದಿಂದ ಅಳೆದನು. ಆಟದ ಅಳತೆಯಲ್ಲಿ ಆಳೆತ್ತರವೆಂದರೆ ೭೨ ಮಾನಗಳು, ಒಂದು ಮಾನಕ್ಕೆ ಒಂದು ಅಂಗುಲ. ಎಂದರೆ ಆರು ಅಡಿ. ನಾಲ್ಕಾಳೆತ್ತರದಿಂದ, ಎಂದರೆ ಸುಮಾರು ೭.೩ ಮೀಟರಿನಿಂದ, ಪೆಟ್ಟಿಗೆಯೊಂದನ್ನು ಬೀಳಿಸಿ, ಸೆಕೆಂಡಿಗೆ ೬೦ ಬಿಡಿಚಿತ್ರಗಳನ್ನು ತೆಗೆಯುವ ಫೋನಿನಲ್ಲಿ ಅದನ್ನು ಹಿಡಿದನು. ಪೆಟ್ಟಿಗೆ ನೆಲ ಮುಟ್ಟಲು ೬೦ ಚಿತ್ರಗಳು, ಎಂದರೆ ಸರಿಯಾಗಿ ಒಂದು ಸೆಕೆಂಡು. ದೂರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿದರೆ ೧೪.೬. ನಮ್ಮ ಭೂಮಿಯ ಮೇಲೆ ಇದೇ ಎತ್ತರದಿಂದ ಬೀಳಲು ೧.೨೨ ಸೆಕೆಂಡು ಬೇಕು; ಎಂದರೆ ೭೩ ಚಿತ್ರಗಳು.

ಹುಡುಗನ ಎಣಿಕೆ ತಪ್ಪಾಗಿರಲಿಲ್ಲ. ಆಟದ ಕ್ರಮವಿಧಿಯಲ್ಲಿ ಗುರುತ್ವಕ್ಕೆ ಕೊಟ್ಟಿರುವ ಬೆಲೆ ೬೦೦. ಸೆಕೆಂಡಿಗೆ ಸೆಕೆಂಡಿಗೆ ೬೦೦ ಅಂಗುಲವೆಂದರೆ ೧೫.೨೪ ಮೀಟರ್. ಅವನು ಒಂದು ಚಿತ್ರವನ್ನು ಕಡಿಮೆ ಎಣಿಸಿದ್ದರೆ ೧೫.೧ ಬರುತ್ತಿತ್ತು, ಅಷ್ಟು ಸಮೀಪ ತಲುಪಿದ್ದನು. (ಕಟ್ಟಡಗಳ ಅಳತೆಗೆ ಅಡಿಗೆ ೧೬ ಮಾನಗಳೆಂಬ ಬೇರೊಂದು ಪ್ರಮಾಣವೂ ಬಳಕೆಯಲ್ಲಿದೆ. ಅದರಂತೆ ಲೆಕ್ಕಿಸಿದರೂ ೧೧.೪ ಆಗುವುದೇ ಹೊರತು ೯.೮ಕ್ಕೆ ಇಳಿಯದು.) ಪರದೆಯ ಮೇಲೆ ನಿಜವಾದ ಗುರುತ್ವವನ್ನೇ ಇಟ್ಟರೆ, ನೆಗೆದವನು ಗಾಳಿಯಲ್ಲಿ ತೇಲಿದಂತೆ ಆಡುವವನಿಗೆ ತೋರುವುದರಿಂದ ಅದನ್ನು ಹೆಚ್ಚಿಸುವ ವಾಡಿಕೆ ಇಂಥ ಆಟಗಳಲ್ಲಿದೆ. ಮೊದಲನೆಯ ‘ಹಾಫ್ ಲೈಫ್’ನಲ್ಲಿ ಈ ಬೆಲೆ ೮೦೦ ಇದ್ದಿತು. ಎರಡನೆಯ ಭಾಗವು ಭೂಮಿಗೆ ಸ್ವಲ್ಪ ಹತ್ತಿರ ಬಂದಿದೆಯೆಂದು ಸಂತೋಷಪಡೋಣ. ಆದುದರಿಂದ ಹುಡುಗನ ಎರಡು ಉತ್ತರಗಳಲ್ಲಿ ಯಾವುದೂ ತಪ್ಪಲ್ಲ. ಅವು ಎರಡು ಬೇರೆ ಲೋಕಗಳ ಉತ್ತರಗಳು. ಒಂದು ಲೋಕದಲ್ಲಿ ಆ ಸಂಖ್ಯೆಯನ್ನು ಯಾರೋ ಒಬ್ಬನು ಬರೆದಿಟ್ಟನು. ಇನ್ನೊಂದರಲ್ಲಿ ಅದು ಭೂಮಿಯ ದ್ರವ್ಯರಾಶಿ ಮತ್ತು ತ್ರಿಜ್ಯಗಳಿಂದ ಬಂದುದು. ಅದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ.

ಸಂಖ್ಯೆಯ ವ್ಯತ್ಯಾಸವನ್ನು ದೋಷವೆಂದು ನಾವು ಎಣಿಸುವುದಿಲ್ಲ. ದೋಷಗಳು ಬೇರೆ ಇವೆ. ಬಂದೂಕಿನ ಗುಂಡನ್ನು ತೆಗೆದುಕೊಳ್ಳಿ. ಸೆಕೆಂಡಿಗೆ ೩೦೦ ಮೀಟರ್ ಹೋಗುವ ಗುಂಡು ೦.೦೧೫ ಸೆಕೆಂಡಿನಲ್ಲಿ ನಾಲ್ಕೂವರೆ ಮೀಟರ್ ಸಾಗುವುದು. ಒಂದು ತುಣುಕಿನಲ್ಲಿ ಗೋಡೆಯ ಈಚೆ, ಮರುತುಣುಕಿನಲ್ಲಿ ಆಚೆ. ನಡುವೆ ಗೋಡೆಯಿತ್ತೆಂಬುದು ಯಂತ್ರಕ್ಕೆ ತಿಳಿಯುವುದೇ ಇಲ್ಲ. ಈ ತೊಡಕನ್ನು ತಪ್ಪಿಸಲು, ಪಿಸ್ತೂಲು ಮೊದಲಾದುವುಗಳ ಗುಂಡು ಹಾರುವಂತೆಯೇ ಲೆಕ್ಕ ಮಾಡದೆ, ಕುದುರೆಯೊತ್ತಿದ ಕ್ಷಣದಲ್ಲಿಯೇ ನೇರವಾದ ಗೆರೆಯೊಂದನ್ನೆಳೆದು ಅದು ಮೊದಲು ಮುಟ್ಟಿದ ವಸ್ತುವಿಗೆ ಪೆಟ್ಟು ಬಿದ್ದಿತೆನ್ನುವರು. ಬೀಳುವ ಪೆಟ್ಟಿಗೆಗೆ ಗುರುತ್ವವುಂಟು, ಹಾರುವ ಗುಂಡಿಗೆ ಇಲ್ಲ. ಒಂದೇ ಲೋಕದಲ್ಲಿ ಎರಡು ಕಾನೂನು.

ಇದಕ್ಕಿಂತ ಗಹನವಾದುದು ಆಟದ ಪ್ರಸಿದ್ಧ ಆಯುಧವಾದ ‘ಗುರುತ್ವ ಬಂದೂಕಿ’ನ ದೋಷ. ದೂರದ ಪೀಪಾಯಿಯನ್ನು ಸೆಳೆದು, ಗಾಳಿಯಲ್ಲಿ ಹಿಡಿದು, ಬೇಕಾದತ್ತ ಎಸೆಯಬಲ್ಲ ಉಪಕರಣವಿದು. ಗರಗಸದ ಚಕ್ರ, ಒಲೆ, ಬಾಗಿಲು, ಏನು ಸಿಕ್ಕಿದರೂ ಅಸ್ತ್ರವಾಗುವುದು. ಕಲ್ಪನೆ ಬಹಳ ಸೊಗಸಾದುದು. ಕೈಗೆ ಸಿಕ್ಕ ವಸ್ತುವಿನ ಭಾರವನ್ನು ಅಂದಾಜುಮಾಡಲು ಆಡುವವನಿಗೆ ಇದು ಕಲಿಸುವುದು. ಆದರೆ ೪೦ ಕಿಲೋಗ್ರಾಮಿನ ಪೀಪಾಯಿಯನ್ನು ಸೆಕೆಂಡಿಗೆ ೨೦ ಮೀಟರ್ ವೇಗದಲ್ಲಿ ಎಸೆದರೆ ಅದರ ಸಂವೇಗ ೮೦೦. ಎಸೆದವನಿಗೂ ಅಷ್ಟೇ ಸಂವೇಗ ಹಿಮ್ಮುಖವಾಗಿ ಬರಬೇಕು. ೮೦ ಕಿಲೋಗ್ರಾಮಿನ ಫ್ರೀಮನ್ನನು ಸೆಕೆಂಡಿಗೆ ೧೦ ಮೀಟರ್, ಎಂದರೆ ಗಂಟೆಗೆ ೩೬ ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಹಾರಬೇಕು. ಅವನಾದರೋ ನಿಂತಲ್ಲಿಂದ ಕದಲುವುದಿಲ್ಲ. ನ್ಯೂಟನ್ನನ ಮೊದಲ ಎರಡು ನಿಯಮಗಳನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದ ಆಟವು ಮೂರನೆಯದನ್ನು ನಾಯಕನಿಗಾಗಿ ಮನ್ನಾ ಮಾಡಿದೆ.

ಕಾರವಾರದ ಸುತ್ತಿನ ಕಡಲತೀರಗಳಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಈ ಮನ್ನಾ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ದೋಣಿಯಲ್ಲಿ ಕೊಂಡೊಯ್ದು ಕಡಲಿನಲ್ಲಿ ಬಿಲ್ಲಿನಂತೆ ಬಿಟ್ಟ ಬಲೆಯ ಎರಡು ತುದಿಗಳ ಹಗ್ಗವನ್ನು ದಂಡೆಯ ಮೇಲೆ ಸಾಲಾಗಿ ನಿಂತು ಎಳೆಯುವರು. ಎಲ್ಲರೂ ಹಿಂದಕ್ಕೆ ಒರಗಿರುವರು, ಹಿಮ್ಮಡಿ ಮರಳಿನಲ್ಲಿ ಹೂತಿರುವುದು. ಬಲೆಯನ್ನು ಎಳೆಯುವುದು ತೋಳೆಂದು ನಾವು ತಿಳಿದಿರುವೆವು. ಆದರೆ ಪಾದವು ಮರಳನ್ನು ಕಡಲಿನ ಕಡೆಗೆ ದೂಡಿ, ಮರಳು ಪಾದವನ್ನು ದಂಡೆಯ ಕಡೆಗೆ ದೂಡದಿದ್ದರೆ ತೋಳಿನ ಬಲದಿಂದ ಮನುಷ್ಯನೇ ಕಡಲಿಗೆ ಜಾರುವನು. ಬಲೆ ಬಂದ ಮೇಲೆ ಮರಳಿನಲ್ಲಿ ಉಳಿಯುವ ಆಳವಾದ ಹೆಜ್ಜೆಗಳೇ ಮೂರನೆಯ ನಿಯಮದ ಸಹಿ. ನಮ್ಮ ವಿದ್ಯಾರ್ಥಿಯ ಮನೆಯವರು ಕಡಲನ್ನೇ ನಂಬಿದವರು. ಈ ಮಾತನ್ನು ಅವನಿಗೆ ಹೇಳಿದಾಗ, ಹಗ್ಗ ಹಿಡಿಯಲು ಮೊದಲ ಸಲ ನಿಂತ ದಿನ ಮುಗ್ಗರಿಸಿದ್ದು ಅವನಿಗೆ ನೆನಪಾಯಿತು.

ಮೂರನೆಯ ದೋಷವು ಆಡುವಾಗ ಕಣ್ಣಿಗೇ ಬೀಳದು. ನಮಗೆ ಅದೇ ಎಲ್ಲಕ್ಕಿಂತ ಮುಖ್ಯವೆಂದು ತೋರುತ್ತದೆ. ಆಟದ ಲೋಕದಲ್ಲಿ ವಸ್ತುಗಳಿಗೆ ಎರಡು ಜಾತಿಗಳಿವೆ: ಚರ ಮತ್ತು ಅಚರ. ಪೀಪಾಯಿ, ಇಟ್ಟಿಗೆ, ಕುರ್ಚಿಗಳು ಚರ. ನೆಲ, ಗುಡ್ಡ, ಕಟ್ಟಡ, ಸೇತುವೆಗಳು, ಕರ್ತೃವು ಬೇರೆ ಬಗೆದ ಕೆಲವೆಡೆಗಳನ್ನು ಬಿಟ್ಟರೆ, ಅಚರ. ಅಚರ ವಸ್ತುವಿಗೆ ದ್ರವ್ಯರಾಶಿಯಿಲ್ಲ, ಅದರ ಮೇಲೆ ಬಲದ ಲೆಕ್ಕವಿಲ್ಲ. ಎಷ್ಟು ಭಾರ ಹೇರಿದರೂ ಬಾಗದು, ಎಷ್ಟು ಮಳೆ ಸುರಿದರೂ ಕುಸಿಯದು. ಹೀಗೆ ಮಾಡದೆ ಗತ್ಯಂತರವೂ ಇರಲಿಲ್ಲ. ನೂರು ಚರ ವಸ್ತುಗಳಿದ್ದರೆ ಪರಸ್ಪರ ತಾಗಬಹುದಾದ ಜೋಡಿಗಳು ೪,೯೫೦, ಸಾವಿರವಿದ್ದರೆ ೪,೯೯,೫೦೦. ಈ ಎಣಿಕೆಯನ್ನು ತಗ್ಗಿಸುವ ಉಪಾಯಗಳಿದ್ದರೂ, ಗುಡ್ಡದ ಪ್ರತಿಯೊಂದು ಕಲ್ಲನ್ನೂ ಚರವೆಂದು ಬಗೆದರೆ ೨೦೦೪ರ ಯಂತ್ರವಿರಲಿ, ಇಂದಿನದೂ ಸೋಲುವುದು. ಆದುದರಿಂದ ಇದು ಕರ್ತೃಗಳ ಅಜ್ಞಾನವಲ್ಲ, ಬಲ್ಲವರು ಮಾಡಿಕೊಂಡ ರಾಜಿ. ಆದರೆ ಆಡುವ ಹುಡುಗನಿಗೆ ಆ ರಾಜಿಯ ಸುದ್ದಿಯನ್ನು ಯಾರೂ ಹೇಳುವುದಿಲ್ಲ. ಅಲುಗುವುದು ಇದು, ಅಲುಗದ್ದು ಅದು ಎಂದು ಅವನ ಕಣ್ಣು ಪಳಗುವುದು.

ಉತ್ತರ ಕನ್ನಡದ ನಮಗೆ ಈ ಭೇದವನ್ನು ಒಪ್ಪಿಕೊಂಡು ಬಾಳುವ ಅನುಕೂಲವಿಲ್ಲ. ೨೦೨೪ರ ಜುಲೈ ೧೬ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ೬೬ನೆಯ ರಾಷ್ಟ್ರೀಯ ಹೆದ್ದಾರಿಯ ಪಕ್ಕದ ಗುಡ್ಡವು ಮಳೆಯಲ್ಲಿ ಕುಸಿದು, ದಾರಿಯ ಮೇಲಿದ್ದವರನ್ನೂ ವಾಹನಗಳನ್ನೂ ಸೆಳೆದುಕೊಂಡು ಗಂಗಾವಳಿ ನದಿಗೆ ಬಿದ್ದಿತು. ಅದರಲ್ಲಿ ಸಿಕ್ಕ ಲಾರಿಯೊಂದು ನದಿಯ ತಳದಿಂದ ದೊರೆತದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರಿನಲ್ಲಿ. ಆಗಸ್ಟ್ ೭ರ ನಡುರಾತ್ರಿಯ ಬಳಿಕ ಕಾರವಾರ ಮತ್ತು ಸದಾಶಿವಗಡಗಳ ನಡುವಣ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಲಾರಿಯೊಂದು ನೀರಿಗೆ ಬಿದ್ದಿತು, ಅದರ ಚಾಲಕನು ಬದುಕಿ ಬಂದನು. ಮೂರು ವಾರಗಳ ಅಂತರದಲ್ಲಿ ಒಂದು ಗುಡ್ಡ, ಒಂದು ಸೇತುವೆ.

ಗುಡ್ಡವು ನಿಂತಿರುವುದು ಹೇಗೆ? ಇಳಿಜಾರಿನ ಮೇಲಿನ ಮಣ್ಣಿನ ಭಾರವನ್ನು ಎರಡು ಭಾಗಗಳಾಗಿ ಒಡೆಯಬಹುದು. ಇಳಿಜಾರಿನುದ್ದಕ್ಕೂ ಇರುವ ಭಾಗವು ಮಣ್ಣನ್ನು ಕೆಳಕ್ಕೆ ಎಳೆಯುವುದು. ಇಳಿಜಾರಿಗೆ ಲಂಬವಾದ ಭಾಗವು ಕಣಗಳನ್ನು ಒಂದಕ್ಕೊಂದು ಅದುಮಿ ಘರ್ಷಣೆಯನ್ನು ಹುಟ್ಟಿಸುವುದು. ಎಳೆತಕ್ಕಿಂತ ಘರ್ಷಣೆ ಮತ್ತು ಅಂಟು ಹೆಚ್ಚಾಗಿರುವವರೆಗೆ ಗುಡ್ಡ ನಿಲ್ಲುವುದು. ಮಳೆಯ ನೀರು ಕಣಗಳ ನಡುವಿನ ಸಂದುಗಳಲ್ಲಿ ತುಂಬಿದಾಗ ಎರಡು ಸಂಗತಿಗಳಾಗುವುವು. ಮಣ್ಣು ತೂಕವೇರಿ ಎಳೆತ ಹೆಚ್ಚುವುದು. ಸಂದಿನ ನೀರು ಕಣಗಳನ್ನು ಒಳಗಿನಿಂದ ಒತ್ತಿ ಬಿಡಿಸುವುದರಿಂದ ಅದುಮುವ ಬಲ ತಗ್ಗಿ ಘರ್ಷಣೆ ಕುಂದುವುದು. ದಾರಿಗಾಗಿ ಬುಡವನ್ನು ಕಡಿದು ಇಳಿಜಾರನ್ನು ಕಡಿದಾಗಿಸಿದ್ದರೆ, ಕೆಳಗಿನಿಂದ ಆತುಕೊಂಡಿದ್ದ ಆಸರೆಯೂ ಹೋಗಿರುವುದು. ಆಟದ ಹಲಗೆಗೆ ಐದನೆಯ ಇಟ್ಟಿಗೆ ಮಾಡಿದ ಕೆಲಸವನ್ನು ಗುಡ್ಡಕ್ಕೆ ಒಂದು ರಾತ್ರಿಯ ಮಳೆ ಮಾಡಬಹುದು. ನಾಲ್ಕು ಇಟ್ಟಿಗೆಗಳಿದ್ದಾಗ ಹಲಗೆ ಅಲುಗದೆ ನಿಂತಿತ್ತೆಂಬುದು ಅದು ಅಚರವೆಂಬುದಕ್ಕೆ ಸಾಕ್ಷಿಯಲ್ಲವಷ್ಟೆ? ಕಾರವಾರದಿಂದ ಬಿಣಗಾಕ್ಕೆ ಬರುವ ಹೆದ್ದಾರಿ ಗುಡ್ಡವನ್ನು ಕೊರೆದ ಸುರಂಗದಲ್ಲಿ ಹಾದುಬರುವುದು. ಆ ಹುಡುಗನು ಕಾಲೇಜಿಗೆ ಬರುವ ದಾರಿಯಲ್ಲಿ ದಿನವೂ ಕಾಣುವುದು ಅಂಥ ಗುಡ್ಡಗಳನ್ನೇ.

ಉಳಿದ ಗುಣದೋಷಗಳನ್ನು ಬೇಗ ಮುಗಿಸಬಹುದು. ಪಾತ್ರಗಳ ಮುಖಭಾವವನ್ನು ಮೂಡಿಸಲು ಕರ್ತೃಗಳು ಪಾಲ್ ಎಕ್ಮನ್ ಎಂಬ ಮನಶ್ಶಾಸ್ತ್ರಜ್ಞನ ಸಂಶೋಧನೆಯನ್ನು ಆಧರಿಸಿದರು; ಹುಬ್ಬು, ಕೆನ್ನೆ, ತುಟಿಗಳ ಸ್ನಾಯುಗಳನ್ನು ಬೇರೆ ಬೇರೆಯಾಗಿ ಚಲಿಸುವಂತೆ ಮಾಡಿದುದರಿಂದ ಅಲಿಕ್ಸ್ ಎಂಬ ತರುಣಿಯ ನಗು ಇಪ್ಪತ್ತು ವರ್ಷಗಳ ಬಳಿಕವೂ ಹಳತಾಗಿಲ್ಲ. ನೀರು ನೋಡಲು ಅಂದವಾಗಿದೆ, ಆದರೆ ಸತ್ತ ನೀರು: ಎಷ್ಟು ಪೀಪಾಯಿ ಹಾಕಿದರೂ ಮಟ್ಟ ಕೂದಲೆಳೆಯಷ್ಟೂ ಏರದು, ಕಡಲಿಗೆ ಉಬ್ಬರವಿಳಿತವಿಲ್ಲ. ನಾಯಕನು ಒಂದು ಮಾತನ್ನೂ ಆಡುವುದಿಲ್ಲ. ಆಡುವವನೇ ನಾಯಕನೆಂಬ ಭ್ರಮೆಗೆ ಇದು ಸಹಾಯಕವೆನ್ನುವರು; ಪ್ರಶ್ನೆ ಕೇಳದ ವಿಜ್ಞಾನಿಯನ್ನು ನಮಗಂತೂ ನಂಬಲಾಗಲಿಲ್ಲ. ಕಥೆಯು ಮುಗಿಯದೆ ಥಟ್ಟನೆ ನಿಲ್ಲುವುದು. ೨೦೦೬ ಮತ್ತು ೨೦೦೭ರಲ್ಲಿ ಎರಡು ಕಿರುಭಾಗಗಳು ಬಂದು ಗಂಟನ್ನು ಇನ್ನಷ್ಟು ಬಿಗಿಗೊಳಿಸಿದುವು. ೨೦೨೦ರಲ್ಲಿ ಬಂದ ‘ಹಾಫ್ ಲೈಫ್: ಅಲಿಕ್ಸ್’ ಬಹುಮಟ್ಟಿಗೆ ಹಿಂದಿನ ಕಾಲದ ಕಥೆ.

ರಜೆ ಮುಗಿದ ಮೇಲೆ ಹುಡುಗನಿಗೆ ಇಷ್ಟನ್ನೂ ಹೇಳಿ, ಆಟದಲ್ಲಿ ಮಾಡಿದ ಪ್ರಯೋಗವನ್ನೇ ಹೊರಗೊಮ್ಮೆ ಮಾಡಿ ತರಲು ತಿಳಿಸಿದೆವು. ಅವನ ಮನೆಯ ಬಾವಿಯಲ್ಲಿ ನೀರಿನ ಮಟ್ಟ ನಾಲ್ಕಾಳೆತ್ತರಕ್ಕಿಂತ ಸ್ವಲ್ಪ ಮೇಲಿತ್ತು. ಅವನ ತಮ್ಮನು ಕೊಡಪಾನದ ಹಗ್ಗದಿಂದ ಅಳೆದು, ಕಟ್ಟೆಯ ಮೇಲಿಂದ ಕೈಯನ್ನು ಸರಿಯಾಗಿ ೭.೩ ಮೀಟರಿಗೆ ಎತ್ತಿಹಿಡಿದು ಕಲ್ಲನ್ನು ಬಿಡುತ್ತಿದ್ದನು. ಇವನು ಕೈಯ ಪಕ್ಕದಲ್ಲಿಯೇ ಫೋನನ್ನು ಹಿಡಿದು ಚಿತ್ರ ತೆಗೆದನು. ಬಾವಿಯೊಳಗೆ ಕತ್ತಲಿದ್ದುದರಿಂದ ಕಲ್ಲು ನೀರು ಮುಟ್ಟಿದ ಕ್ಷಣವನ್ನು ಸದ್ದಿನಿಂದಲೇ ಗುರುತಿಸಬೇಕಾಯಿತು. ೭೩ ಚಿತ್ರಗಳು ಬರಬೇಕಿತ್ತು. ಆರು ಸಲದಲ್ಲಿ ನಾಲ್ಕು ಸಲ ೭೪, ಎರಡು ಸಲ ೭೫ ಬಂದುವು. ದಾಖಲೆಪುಸ್ತಕವನ್ನು ನಮ್ಮ ಮೇಜಿನ ಮೇಲಿಟ್ಟು ಹೋದನು. ಅದರಲ್ಲಿ ಸೆಕೆಂಡಿಗೆ ೩೪೦ ಮೀಟರ್ ಎಂಬುದರಿಂದ ೭.೩ನ್ನು ಭಾಗಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿದ್ದನು: ‘ಹೆಚ್ಚಿಗೆ ಬಂದ ಒಂದು ಚಿತ್ರ, ಸದ್ದು ಮೇಲೆ ಬರಲು ಹಿಡಿದ ಹೊತ್ತು.’